ಗುಂಗುರು ಕೂದಲಿನ ಹುಡುಗ ಯಾರು?

ನಾನು ಚಿಕ್ಕವನಿದ್ದಾಗ ನನ್ನ ತಲೆಯ ಮೇಲೆ ಒಂದು ಪೊದೆ ಇತ್ತು. ಈಗಿನ ತಲೆ ನೋಡಿ ನಗಬೇಡಿ ಮಕ್ಕಳೇ, ನಿಜವಾಗಿಯೂ ಇತ್ತು. ಹುಟ್ಟಿದಾಗಿನಿಂದ ಕತ್ತರಿಯ ಮುಖವನ್ನೇ ಕಾಣದ ಕಪ್ಪು ಕೂದಲು. ಹೆಗಲವರೆಗೆ ಇಳಿದು, ಇಳಿದದ್ದು ಸುಮ್ಮನಿರದೆ, ಸುತ್ತಿ ಸುತ್ತಿ ಮತ್ತೆ ಕಿವಿಯ ಮೇಲಕ್ಕೇ ಹತ್ತುತ್ತಿತ್ತು. ಅಂಥ ಕೂದಲಿಗೆ ನಮ್ಮ ಮನೆಯಲ್ಲಿ ಗುಂಗುರು ಎನ್ನುತ್ತಿದ್ದರು. ಅಕ್ಕ ನನ್ನನ್ನು ಕರೆಯುತ್ತಿದ್ದದ್ದೂ 'ಗುಂಗುರಾ' ಎಂದೇ. ನನ್ನ ನಿಜವಾದ ಹೆಸರಿಗಿಂತ ಮೊದಲು ನನಗೆ ತಿಳಿದ ಹೆಸರು ಅದು.

ನಾವು ಆಗ ವಿಜಯವಾಡದ ಪಟಮಟದಲ್ಲಿದ್ದೆವು. ಅಪ್ಪ ಬ್ಯಾಂಕಿನಲ್ಲಿ ಗುಮಾಸ್ತರು, ತಿಪಟೂರಿನಿಂದ ವರ್ಗವಾಗಿ ಬಂದವರು. ಮನೆಯೊಳಗೆ ತಿಪಟೂರಿನ ಕನ್ನಡ, ಹೊಸಿಲು ದಾಟಿದರೆ ತೆಲುಗು. ಬೇಸಿಗೆಯಲ್ಲಿ ಆ ಊರಿನ ಬಿಸಿಲು ಹೇಗಿತ್ತೆಂದರೆ, ಬೆಳಿಗ್ಗೆ ಒಂಬತ್ತಕ್ಕೇ ಅಂಗಳದ ಕಲ್ಲಿನ ಮೇಲೆ ಬರಿಗಾಲು ಇಡಲು ಆಗುತ್ತಿರಲಿಲ್ಲ. ಹಾಗಾಗಿ ಅಕ್ಕ ಬಿಸಿಲೇರುವ ಮೊದಲೇ ನನ್ನನ್ನು ಹಿಡಿದು ಮೆಟ್ಟಿಲ ಮೇಲೆ ಕೂರಿಸಿಕೊಳ್ಳುತ್ತಿದ್ದಳು. ಆಗ ಅವಳಿಗೆ ಹನ್ನೊಂದು, ನನಗೆ ಐದು. ಒಂದು ಬಟ್ಟಲು ಕೊಬ್ಬರಿ ಎಣ್ಣೆ, ಒಂದು ಮರದ ಬಾಚಣಿಗೆ, ಮತ್ತು ನನ್ನ ಕಿರುಚಾಟ. ಬೀದಿಯವರಿಗೆಲ್ಲ ಗಂಟೆ ಎಷ್ಟೆಂದು ಅದರಿಂದಲೇ ಗೊತ್ತಾಗುತ್ತಿತ್ತಂತೆ.

ಬಾಚಣಿಗೆ ಯಾವಾಗಲೂ ನೆತ್ತಿಯ ಹಿಂದೆ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು. "ಇಲ್ಲಿ ಎರಡು ಸುಳಿ ಇದೆ ಕಣೋ ನಿಂಗೆ, ಪಕ್ಕಪಕ್ಕದಲ್ಲೇ. ಒಂದು ಈ ಕಡೆ ತಿರುಗುತ್ತೆ, ಇನ್ನೊಂದು ಆ ಕಡೆ" ಎಂದು ಅಕ್ಕ ಬೆರಳಿಟ್ಟು ತೋರಿಸುತ್ತಿದ್ದಳು. ನನ್ನ ತಲೆಯ ಹಿಂಭಾಗ ನನಗೆ ಹೇಗೆ ಕಾಣಬೇಕು? ಅವಳು ಹೇಳಿದ್ದನ್ನು ನಂಬಿಕೊಂಡಿದ್ದೆ.

ಗುಂಗುರು ಎಂದರೇನು ಎಂಬುದನ್ನೂ ಅವಳೇ ಹೇಳಿಕೊಟ್ಟದ್ದು. ಎಲ್ಲ ಕೂದಲನ್ನೂ ಹಾಗೆನ್ನುವಂತಿಲ್ಲ. ಅಕ್ಕನದು ನೇರ ಕೂದಲು, ಮೇಲಿನಿಂದ ನೀರು ಸುರಿದಂತೆ ಇಳಿಯುತ್ತಿತ್ತು. ಅಮ್ಮನದು ಅಲೆ ಅಲೆ, ಆದರೆ ಗುಂಗುರಲ್ಲ. ಅದಕ್ಕೊಂದು ಪರೀಕ್ಷೆ ಇತ್ತು. ಒಂದು ಸುರುಳಿಯೊಳಗೆ ಬೆರಳು ತೂರಿಸಬೇಕು. ಬಿಟ್ಟರೂ ಜಾರದೆ ಅದು ಬೆರಳಿಗೆ ಉಂಗುರದಂತೆ ಕೂತುಕೊಂಡರೆ ಮಾತ್ರ ಗುಂಗುರು. ಅಕ್ಕ ತನ್ನ ಹತ್ತೂ ಬೆರಳಿಗೆ ನನ್ನ ತಲೆಯಿಂದಲೇ ಉಂಗುರ ತೊಟ್ಟು, ಮಹಾರಾಣಿಯಂತೆ ಕೂತಿರುತ್ತಿದ್ದಳು. ನಾನು ಅಲುಗಾಡುವಂತಿರಲಿಲ್ಲ. ಪಕ್ಕದ ಮನೆಯ ಅಜ್ಜಿ, ನಾವು ಮಾಮ್ಮಗಾರು ಎನ್ನುತ್ತಿದ್ದವರು, ಅದನ್ನೇ ತೆಲುಗಿನಲ್ಲಿ 'ಉಂಗರಾಲ ಜುಟ್ಟು' ಎನ್ನುತ್ತಿದ್ದರು. ಅಂದರೆ ಉಂಗುರಗಳ ಕೂದಲು. ಇಬ್ಬರ ಲೆಕ್ಕವೂ ಸರಿಯಾಗಿಯೇ ಇತ್ತು.

ಒಮ್ಮೆ ಅಮ್ಮ ಬೇಸತ್ತು, "ಏನು ಸಿಕ್ಕೋ ಇದು" ಎಂದುಬಿಟ್ಟಳು. ಅಕ್ಕ ಜಗಳಕ್ಕೇ ನಿಂತಳು. "ಸಿಕ್ಕು ಬಾಚಿದ್ರೆ ಹೋಗುತ್ತೆ. ಗುಂಗುರು ಎಷ್ಟು ಬಾಚಿದ್ರೂ ಹೋಗಲ್ಲ. ಅದು ಇವನದೇ!" ಆ ಮಾತು ನನಗೆ ತುಂಬಾ ಹಿಡಿಸಿತು. ನನ್ನ ಹತ್ತಿರ ಆಗ ನನ್ನದೇ ಎಂದು ಹೇಳಿಕೊಳ್ಳಲು ಒಂದು ಮುರಿದ ಬುಗುರಿ ಬಿಟ್ಟರೆ ಬೇರೇನೂ ಇರಲಿಲ್ಲ. ಬುಗುರಿಯ ಜೊತೆಗೆ ಗುಂಗುರೂ ಸೇರಿತು.

ಆದರೆ ಆ ಕೂದಲು ನಿಜವಾಗಿ ನನ್ನದಲ್ಲ, ದೇವರದು ಎಂದು ಆ ಬೇಸಿಗೆಯಲ್ಲಿ ತಿಳಿಯಿತು. ನಾನು ಹಸುಗೂಸಾಗಿದ್ದಾಗ ಜ್ವರ ಬಂದು ಮಲಗಿದ್ದೆನಂತೆ. ಮಾಮ್ಮಗಾರು ಹೇಳಿದಂತೆ ಅಮ್ಮ ಸಿಂಹಾಚಲಂ ಬೆಟ್ಟದ ದೇವರಿಗೆ ಹರಕೆ ಹೊತ್ತಳಂತೆ. ಮಗು ಉಳಿದರೆ ನಿನ್ನ ಹೆಸರನ್ನೇ ಇಡುತ್ತೇನೆ, ಐದು ವರ್ಷ ಕತ್ತರಿ ತಾಗಿಸದೆ ಬೆಳೆಸಿ ಮುಡಿ ಒಪ್ಪಿಸುತ್ತೇನೆ ಎಂದು. ನಾನು ಉಳಿದೆ. ಹೆಸರೂ ಬಂತು. ಈಗ ಐದು ವರ್ಷ ತುಂಬಿತ್ತು.

ನನಗೆ ತಲೆಬುಡ ತಿಳಿಯಲಿಲ್ಲ. ಎಷ್ಟು ಬಾಚಿದರೂ ಹೋಗದ್ದು ಒಂದೇ ದಿನ ಹೇಗೆ ಹೋಗುತ್ತದೆ? ಹೋದ ಮೇಲೆ ಗುಂಗುರು ಎಂಬ ಹೆಸರು ಯಾರಿಗೆ ಸೇರುತ್ತದೆ, ದೇವರಿಗೋ? ಅಕ್ಕ ನನ್ನನ್ನು ಏನೆಂದು ಕರೆಯುತ್ತಾಳೆ? ಅಪ್ಪನನ್ನು ಕೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ಕೂದ್ಲು ತಾನೇ, ಮತ್ತೆ ಬರುತ್ತೆ ಬಿಡೋ" ಎಂದರು. ಮಾಮ್ಮಗಾರನ್ನು ಕೇಳಿದರೆ, ಮುಡಿ ಕೊಟ್ಟ ಮೇಲೆ ಕೆಲವರಿಗೆ ಕೂದಲು ಬೇರೆ ಥರವೇ ಬರುತ್ತದೆ ಎಂದು ಹೇಳಿ, ಇದ್ದ ಒಂದು ಗೊಂದಲವನ್ನು ಎರಡು ಮಾಡಿದರು. ಅಕ್ಕನನ್ನು ಕೇಳಿದೆ. ಅವಳು ಬಾಚಣಿಗೆಯನ್ನು ಮೆಟ್ಟಿಲ ಮೇಲೇ ಬಿಟ್ಟು ಎದ್ದು ಒಳಗೆ ಹೋದಳು. ಅವಳಿಗೂ ಉತ್ತರ ಗೊತ್ತಿಲ್ಲ ಎಂದು ತಿಳಿದಾಗಲೇ ನನಗೆ ನಿಜವಾಗಿ ಭಯವಾದದ್ದು.

ಮಧ್ಯಾಹ್ನದ ರೈಲು ಹತ್ತಿ ವಿಶಾಖಪಟ್ಟಣಕ್ಕೆ ಹೋದೆವು. ಮಾರನೆಯ ದಿನ ಬೆಳಿಗ್ಗೆ ಬೆಟ್ಟದ ಬಸ್ಸು. ಬಸ್ಸು ತಿರುವು ತಿರುವಿನಲ್ಲಿ ಏದುಸಿರು ಬಿಡುತ್ತಾ ಏರಿತು. ಕಿಟಕಿಯಿಂದ ಸಂಪಿಗೆಯ ಘಮ, ಹಲಸಿನ ಹಣ್ಣಿನ ವಾಸನೆ, ಮುಂದಿನ ಸೀಟಿನವರು ಮುಡಿದಿದ್ದ ಮಲ್ಲಿಗೆ, ಎಲ್ಲ ಒಟ್ಟಿಗೇ ಬರುತ್ತಿದ್ದವು. ನಾನು ನೀಲಿ ಅಂಗಿ ತೊಟ್ಟು ಅಕ್ಕನ ತೊಡೆಯ ಮೇಲಿದ್ದೆ. ಅವಳು ದಾರಿಯುದ್ದಕ್ಕೂ ನನ್ನ ಒಂದು ಸುರುಳಿಯನ್ನು ಬೆರಳಿಗೆ ಸುತ್ತುವುದು, ಬಿಡುವುದು, ಮತ್ತೆ ಸುತ್ತುವುದು ಮಾಡುತ್ತಿದ್ದಳು.

ಮೇಲೆ ತಲುಪಿದೊಡನೆ ಅಪ್ಪ ದರ್ಶನದ ಸಾಲಿನಲ್ಲಿ ಜಾಗ ಹಿಡಿಯಲು ಹೋದರು. ಅಮ್ಮ, ಅಕ್ಕ ನನ್ನನ್ನು ಮುಡಿ ತೆಗೆಯುವ ಜಾಗಕ್ಕೆ ಕರೆದೊಯ್ದರು. ಉದ್ದನೆಯ ಕೋಣೆ, ಒದ್ದೆ ನೆಲ, ಸಾಲಾಗಿ ಕುಕ್ಕರುಗಾಲಿನಲ್ಲಿ ಕೂತ ಕ್ಷೌರದವರು, ಅವರ ಮುಂದೆ ತಲೆ ಬಗ್ಗಿಸಿದ ಜನ. ದೊಡ್ಡವರು, ಮಕ್ಕಳು, ಹೆಂಗಸರು, ಎಲ್ಲರೂ ಇದ್ದರು. ನನಗೆ ಸಿಕ್ಕಿದವರು ಬಿಳಿ ಮೀಸೆಯ ಮುದುಕರು. ನನ್ನ ತಲೆಗೆ ನೀರು ಸುರಿದು ಎರಡೂ ಕೈಯಲ್ಲಿ ತಿಕ್ಕಿ, ಕತ್ತಿ ಎತ್ತಿಕೊಂಡರು. ಕರ್ ಕರ್ ಎಂಬ ಸದ್ದು ಹೊರಗಿನಿಂದ ಬರುತ್ತಿದೆಯೋ ನನ್ನ ತಲೆಯೊಳಗಿನಿಂದಲೋ ಎಂದು ತಿಳಿಯಲಿಲ್ಲ. ಮಡಿಲ ಮೇಲೆ ಒಂದೊಂದೇ ಸುರುಳಿ ಬಿತ್ತು. ಬಿದ್ದ ಮೇಲೂ ಅವು ಸುತ್ತಿಕೊಂಡೇ ಇದ್ದವು. ಹಾಗಾದರೆ ಗುಂಗುರು ಈಗ ಅಲ್ಲಿ ಕೆಳಗಿದೆ, ಇಲ್ಲಿ ಮೇಲೆ ಇರುವವನು ಯಾರು ಎಂದು ಯೋಚಿಸುತ್ತಾ ಅಳುವುದನ್ನೂ ಮರೆತೆ.

ಮುದುಕರು ನೆತ್ತಿಯ ಹಿಂದೆ ಬಂದಾಗ ಕತ್ತಿಯನ್ನು ಅತ್ತ ಒಮ್ಮೆ ಇತ್ತ ಒಮ್ಮೆ ತಿರುಗಿಸಿದರು. "ರೆಂಡು ಸುಡುಲುನ್ನಾಯಮ್ಮಾ!" ಎಂದು ಅಮ್ಮನಿಗೆ ಹೇಳಿದರು. ಎರಡು ಸುಳಿ ಇವೆ ಎಂದು. ಅಕ್ಕ ಮೂಗು ಉಜ್ಜಿಕೊಳ್ಳುತ್ತಾ, "ನಂಗೊತ್ತು" ಎಂದು ಕನ್ನಡದಲ್ಲೇ ಅವರಿಗೆ ಉತ್ತರ ಕೊಟ್ಟಳು.

ನಲ್ಲಿಯ ಕೆಳಗೆ ಸ್ನಾನವಾಯಿತು. ತಲೆಗೆ ತಣ್ಣಗೆ ಗಂಧ ಬಳಿದರು. ಮುಡಿ ಕೊಟ್ಟ ಮೇಲೆ ಹೊಸ ಬಟ್ಟೆ ತೊಡಬೇಕೆಂದು ಅಮ್ಮ ನನ್ನ ನೀಲಿ ಅಂಗಿ ತೆಗೆದು ಹಳದಿ ಅಂಗಿ ತೊಡಿಸಿದಳು. ಒದ್ದೆ ಬಟ್ಟೆ ಹಿಂಡಿಕೊಂಡು ಬರುತ್ತೇನೆ, ಅಷ್ಟರಲ್ಲಿ ಇವನನ್ನು ಅಪ್ಪನ ಹತ್ತಿರ ಬಿಡು ಎಂದು ಅಕ್ಕನಿಗೆ ಹೇಳಿದಳು.

ಹೊರಗೆ ಬಂದರೆ ಅಂಗಡಿ ಸಾಲು. ಒಂದು ಬಳೆ ಅಂಗಡಿಯಲ್ಲಿ ಉದ್ದನೆಯ ಕನ್ನಡಿ ನೇತುಹಾಕಿದ್ದರು. ಅದರೊಳಗೆ ಒಬ್ಬ ಹುಡುಗ ನಿಂತಿದ್ದ. ಹಳದಿ ತಲೆ, ಹಳದಿ ಅಂಗಿ, ದೊಡ್ಡ ಕಿವಿ. ನಾನು ಅಕ್ಕನ ಕೈ ಬಿಟ್ಟು ಅವನ ಹತ್ತಿರ ಹೋದೆ. ನಾನು ತಲೆ ಮುಟ್ಟಿಕೊಂಡೆ, ಅವನೂ ಮುಟ್ಟಿಕೊಂಡ. ನಾನು ಬಾಯಿ ತೆರೆದೆ, ಅವನೂ ತೆರೆದ. ಇವನಿಗೆ ಇಷ್ಟು ದೊಡ್ಡ ಕಿವಿ ಎಲ್ಲಿಂದ ಬಂತು ಎಂದು ಬೆರಗಾಗಿ ನಿಂತುಬಿಟ್ಟೆ.

ತಿರುಗಿ ನೋಡಿದರೆ ಅಕ್ಕ ಆಗಲೇ ಮುಂದೆ ಹೋಗುತ್ತಿದ್ದಳು. ಅವಳ ಕೈ ಹಿಡಿದು ಒಬ್ಬ ಹುಡುಗ ನಡೆಯುತ್ತಿದ್ದ. ಹಳದಿ ತಲೆಯ ಹುಡುಗ, ನನ್ನಷ್ಟೇ ಎತ್ತರ. ಮುಡಿ ತೆಗೆದಾಗಿನಿಂದ ಅವಳು ಅಳುತ್ತಲೇ ಇದ್ದಳಲ್ಲ, ಕಣ್ಣು ಮಂಜಾಗಿ, ಪಕ್ಕದಲ್ಲಿದ್ದ ಬೋಳುತಲೆಯ ಕೈ ಹಿಡಿದುಕೊಂಡು ಹೊರಟಿದ್ದಳು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆಗ ಗೊತ್ತಾದದ್ದು ಇಷ್ಟೇ: ಅಕ್ಕ ಬೇರೆ ತಮ್ಮನನ್ನು ಕರೆದುಕೊಂಡು ಹೋದಳು. ಗುಂಗುರು ಇಲ್ಲದ ಮೇಲೆ ಯಾವ ಬೋಳುತಲೆಯಾದರೇನು, ಅವಳಿಗೆ ಎಲ್ಲರೂ ಒಂದೇ. ಅಕ್ಕಾ ಎಂದು ಕೂಗಬೇಕಿತ್ತು. ಕೂಗಲು ನನಗೆ ಹಕ್ಕಿದೆಯೋ ಇಲ್ಲವೋ ಎಂಬುದೇ ಗೊತ್ತಾಗಲಿಲ್ಲ. ಅಷ್ಟರಲ್ಲಿ ಜನ ನಡುವೆ ಬಂದರು, ಅಕ್ಕ ಕಾಣಿಸಲಿಲ್ಲ.

ಎಷ್ಟು ಹೊತ್ತು ನಿಂತಿದ್ದೆನೋ ಕಾಣೆ. ಅನಾನಸ್ ಮಾರುವ ಒಬ್ಬ ಹೆಂಗಸು ನನ್ನ ಮುಖ ನೋಡಿ ಒಂದು ತುಂಡು ಕೈಗಿಟ್ಟಳು. ಅದನ್ನು ಚೀಪುತ್ತಾ, ಅಳುತ್ತಾ, ಯಾವುದು ಹಣ್ಣಿನ ರಸ ಯಾವುದು ಕಣ್ಣೀರು ಎಂದು ತಿಳಿಯದೆ ಕೂತಿದ್ದಾಗ ಮೈಕಿನಲ್ಲಿ ಗರಗರ ಸದ್ದಾಯಿತು. ಒಬ್ಬರು ತೆಲುಗಿನಲ್ಲಿ ಹೇಳತೊಡಗಿದರು. "ಬಾಬು ತಪ್ಪಿಪೋಯಾಡು. ವಯಸು ಐದೇಳ್ಳು. ಉಂಗರಾಲ ಜುಟ್ಟು. ನೀಲಂ ರಂಗು ಚೊಕ್ಕಾ." ಮಗು ತಪ್ಪಿಸಿಕೊಂಡಿದೆ, ಐದು ವರ್ಷ, ಗುಂಗುರು ಕೂದಲು, ನೀಲಿ ಅಂಗಿ. ಹೆಸರನ್ನೂ ಹೇಳಿದರು. ಅದು ನನ್ನ ಹೆಸರೇ. ಆದರೆ ಅದು ಆ ದೇವರ ಹೆಸರೂ ಹೌದಲ್ಲ, ಆ ಬೆಟ್ಟದ ಮೇಲೆ ಹತ್ತು ಹೆಜ್ಜೆಗೊಬ್ಬ ಆ ಹೆಸರಿನವನು ಸಿಗುತ್ತಿದ್ದ.

ನಾನು ನನ್ನ ತಲೆ ಮುಟ್ಟಿ ನೋಡಿಕೊಂಡೆ. ನುಣ್ಣಗಿತ್ತು. ಅಂಗಿ ನೋಡಿಕೊಂಡೆ. ಹಳದಿ. ಸರಿ, ಅವರು ಹುಡುಕುತ್ತಿರುವುದು ನನ್ನನ್ನಲ್ಲ. ಅಯ್ಯೋ ಪಾಪ, ಯಾರೋ ಗುಂಗುರು ಕೂದಲಿನ ಹುಡುಗ ತಪ್ಪಿಸಿಕೊಂಡಿದ್ದಾನೆ ಎಂದು ನನಗೆ ಮರುಕ ಹುಟ್ಟಿತು. ನಗಬೇಡಿ! ನಾನು ಎದ್ದು ಅವನನ್ನು ಹುಡುಕಲು ಹೊರಟೆ.

ಮತ್ತು ಹುಡುಕಿಯೂಬಿಟ್ಟೆ. ಮುಡಿ ಕೊಡಲು ಕಾಯುತ್ತಿದ್ದ ಸಾಲಿನಲ್ಲಿ ಒಬ್ಬ ಹುಡುಗ ಅಜ್ಜಿಯ ಸೆರಗು ಹಿಡಿದು ನಿಂತಿದ್ದ. ತಲೆತುಂಬ ಸುರುಳಿ. ಬೆರಳು ತೂರಿಸಿದರೆ ಖಂಡಿತ ಕೂತುಕೊಳ್ಳುತ್ತಿತ್ತು. ಅಂಗಿಯೂ ಹೆಚ್ಚುಕಡಿಮೆ ನೀಲಿ. ನಾನು ಅಲ್ಲಿದ್ದ ಕಾವಲಿನವರ ಪಂಚೆ ಎಳೆದು ಬೆರಳು ತೋರಿಸಿ, "ಅದುಗೋ, ಉಂಗರಾಲ ಜುಟ್ಟು!" ಎಂದೆ. ಅವರು ಹುಡುಗನನ್ನು ನೋಡಿದರು, ಮೈಕಿನ ಕಡೆ ನೋಡಿದರು, ಅವನ ಕೈ ಹಿಡಿದರು. ಅಜ್ಜಿ ಬೆಟ್ಟ ಕಿತ್ತುಹೋಗುವಂತೆ ಕೂಗಿಕೊಂಡಳು. "ವೀಡು ಮಾ ಮನವಡಂಡೀ!" ಇವನು ನನ್ನ ಮೊಮ್ಮಗನಪ್ಪಾ ಎಂದು. ಜನ ಸೇರಿದರು. ಎಲ್ಲರೂ ಒಟ್ಟಾಗಿ ಮೈಕಿನ ಕೋಣೆಯ ಕಡೆ ಹೊರಟರು. ಪತ್ತೆ ಮಾಡಿದವನು ನಾನೇ ಆದ್ದರಿಂದ ನಾನೂ ಹಿಂದೆ ಹಿಂದೆ ಹೋದೆ.

ಮೈಕಿನ ಕೋಣೆಯ ಮುಂದೆ ಅಪ್ಪ ನಿಂತಿದ್ದರು. ಕನ್ನಡಕ ಜಾರಿತ್ತು, ಅಂಗಿಯ ಗುಂಡಿ ಕಿತ್ತುಹೋಗಿತ್ತು. ಬ್ಯಾಂಕಿಗೆ ಹೋಗುವ ನಮ್ಮ ಅಪ್ಪನನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ. ಅವರು ಆ ಹುಡುಗನನ್ನು ನೋಡಿ ಎರಡು ಹೆಜ್ಜೆ ಓಡಿ ಬಂದರು, ಆಮೇಲೆ ನಿಂತರು. "ಇವನಲ್ಲ, ಇವನಲ್ಲ" ಎಂದು ಕನ್ನಡದಲ್ಲಿ ಹೇಳಿ ಅಲ್ಲೇ ಕುಸಿದು ಕೂತರು. ಅವರ ಕಣ್ಣು ಗುಂಪಿನ ಮೇಲೆ ಒಮ್ಮೆ ಹಾಯಿತು. ನನ್ನ ಮೇಲೂ ಹಾಯಿತು. ಹಾದು ಮುಂದೆ ಹೋಯಿತು.

ಮಕ್ಕಳೇ, ಆ ಕ್ಷಣವನ್ನು ನಾನು ಇವತ್ತಿಗೂ ಮರೆತಿಲ್ಲ. ಅಪ್ಪ ನನ್ನನ್ನು ನೋಡಿದರು, ಆದರೆ ಗುರುತಿಸಲಿಲ್ಲ. ಮುಡಿ ತೆಗೆದ ನನ್ನನ್ನು ಅವರು ಅದುವರೆಗೆ ಕಂಡೇ ಇರಲಿಲ್ಲ, ಬೆಳಿಗ್ಗೆಯಿಂದ ಸಾಲಿನಲ್ಲಿದ್ದವರು ಎಂಬುದೆಲ್ಲ ಐದು ವರ್ಷದ ತಲೆಗೆ ಹೊಳೆಯುವುದೇ? ಅನುಮಾನ ಪೂರ್ತಿ ಖಚಿತವಾಯಿತು. ನಾನು ಇವರ ಮಗನಲ್ಲ. ಗೋಡೆಯ ಕಡೆ ಮುಖ ಮಾಡಿ ನಿಂತು ಬಿಕ್ಕಿದೆ. ಅಲ್ಲಿ ಗೋಡೆಗೊರಗಿ ಗಲಾಟೆ ನೋಡುತ್ತಿದ್ದ ಬೋಳುತಲೆಗಳು ಇನ್ನೂ ನಾಲ್ಕೈದು ಇದ್ದವು.

ಅಷ್ಟರಲ್ಲಿ ಮೈಕಿನವರು ಅಪ್ಪನಿಗೆ ನೀರು ಕೊಟ್ಟು ಮೆಲ್ಲಗೆ ಕೇಳಿದರು. "ಬಾಬುಕಿ ಗುಂಡು ಚೇಯಿಂಚಾರಾ ಅಂಡಿ?" ಮಗುವಿಗೆ ತಲೆ ಬೋಳಿಸಿದ್ದೀರಾ ಎಂದು. ಅಪ್ಪ ಬಾಯಿ ಬಿಟ್ಟುಕೊಂಡು ಅವರನ್ನೇ ನೋಡಿದರು. ಗಾಬರಿಯಲ್ಲಿ ಅವರು ಹೇಳಿದ್ದೆಲ್ಲ ಬಸ್ಸಿನಿಂದ ಇಳಿದಾಗಿನ ನನ್ನ ಗುರುತು. ಸುತ್ತ ನಿಂತಿದ್ದವರು ನಗಬೇಕೋ ಬೇಡವೋ ಎಂದು ತಿಳಿಯದೆ ಮುಖ ಮುಖ ನೋಡಿಕೊಂಡರು. ಆ ಅಜ್ಜಿ ಮಾತ್ರ ಮೊಮ್ಮಗನನ್ನು ಎತ್ತಿಕೊಂಡು ಗೊಣಗುತ್ತಾ ಹೊರಟುಹೋದಳು.

ಆಗ ಅಮ್ಮ, ಅಕ್ಕ ಓಡುತ್ತಾ ಬಂದರು. ಕೈಗೆ ಸಿಕ್ಕ ಹುಡುಗ ಅಳತೊಡಗಿದಾಗಲೇ ಅಕ್ಕನಿಗೆ ತಪ್ಪು ಗೊತ್ತಾಗಿ, ಅವನನ್ನು ಅವನ ಮನೆಯವರಿಗೆ ಒಪ್ಪಿಸಿ, ಅಪ್ಪನಿಗೆ ವಿಷಯ ಮುಟ್ಟಿಸಿ, ಆಗಿನಿಂದ ಅಮ್ಮನ ಜೊತೆ ಅಂಗಡಿ ಅಂಗಡಿ ಹುಡುಕಿದ್ದಳು. ನನಗೆ ಅವರು ಬಂದದ್ದು ಗೊತ್ತಿಲ್ಲ, ನಾನು ಗೋಡೆ ನೋಡುತ್ತಿದ್ದೆ. ಅಕ್ಕ ಗೋಡೆಗೆ ನಿಂತಿದ್ದ ತಲೆಗಳನ್ನು ನೋಡಿದಳು. ಎಲ್ಲಕ್ಕೂ ಗಂಧ, ಎಲ್ಲವೂ ಹಳದಿ. ಅವಳು ಕೇಳಲಿಲ್ಲ, ಕೂಗಲಿಲ್ಲ. ಮೊದಲ ತಲೆಯ ಹಿಂದೆ ಕೈಯಿಟ್ಟಳಂತೆ, ಇಲ್ಲ. ಎರಡನೆಯದು, ಇಲ್ಲ. ಆಮೇಲೆ ನನ್ನ ನೆತ್ತಿಯ ಹಿಂದೆ ಒಂದು ಬೆರಳು ಬಂದು ಒಣಗಿದ ಗಂಧವನ್ನು ಒರೆಸಿತು. ಒಂದು ಕಡೆ ಈ ದಿಕ್ಕಿಗೆ ತಿರುಗಿತು. ಪಕ್ಕದಲ್ಲೇ ಇನ್ನೊಂದು ಕಡೆ ಆ ದಿಕ್ಕಿಗೆ ತಿರುಗಿತು. ದಿನಾ ಬಾಚಣಿಗೆ ಕಚ್ಚಿಕೊಳ್ಳುತ್ತಿದ್ದ ಜಾಗ.

"ಗುಂಗುರಾ" ಎಂದಳು.

ನಾನು ತಿರುಗದೆಯೇ, "ನಾನು ಗುಂಗುರ ಅಲ್ವಲ್ಲಕ್ಕಾ. ಅವನು ಆ ಕಡೆ ಹೋದ" ಎಂದೆ.

"ನೀನಲ್ದೆ ಇನ್ಯಾರೋ!" ಎಂದವಳೇ ನನ್ನ ಬೆನ್ನಿಗೆ ಒಂದು ಏಟು ಕೊಟ್ಟು, ಅಪ್ಪಿಕೊಂಡು, ನನಗಿಂತ ಜೋರಾಗಿ ಅತ್ತಳು. ಏಟು ಯಾಕೆ ಬಿತ್ತು, ಅಪ್ಪುಗೆ ಯಾಕೆ ಬಂತು ಎಂದು ನನಗೆ ಅರ್ಥವಾಗಲಿಲ್ಲ. ಆದರೆ ಆ ಹೆಸರು ಕೂದಲಿನ ಜೊತೆ ಹೋಗಿರಲಿಲ್ಲ ಎಂಬಷ್ಟು ತಿಳಿಯಿತು, ಸಮಾಧಾನವಾಯಿತು. ಅಪ್ಪ ಬಂದು ನನ್ನ ಬೋಳುತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು, ಪಾಠ ಬಾಯಿಪಾಠ ಮಾಡುವವರಂತೆ. ಪಟಮಟಕ್ಕೆ ಮರಳುವ ರೈಲಿನಲ್ಲಿ ಅವರು ನನ್ನ ಕೈ ಬಿಡಲೇ ಇಲ್ಲ.

ಮಾಮ್ಮಗಾರು ಹೇಳಿದ್ದೇ ನಿಜವಾಯಿತು. ಮತ್ತೆ ಬಂದ ಕೂದಲು ತೆಂಗಿನ ಕಡ್ಡಿಯ ಹಾಗೆ ನೆಟ್ಟಗೆ ಬಂತು. ನಾನು ಎಷ್ಟೋ ದಿನ ಬೆರಳು ತೂರಿಸಿ ಪರೀಕ್ಷೆ ಮಾಡಿದೆ. ಒಮ್ಮೆಯೂ ನಿಲ್ಲಲಿಲ್ಲ. ಆಮೇಲೆ, ನಿಮಗೇ ಗೊತ್ತಿರುವ ಹಾಗೆ, ಆ ಕೂದಲೂ ಹೊರಟುಹೋಯಿತು.

ಈಗ ವಿಶಾಖಪಟ್ಟಣದ ಮಧುರವಾಡದಲ್ಲಿ, ನಿಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನೀವು ಪಾರ್ಕಿನಲ್ಲಿ ಐದು ನಿಮಿಷ ಕಾಣದಿದ್ದರೆ ನಿಮ್ಮಮ್ಮ ಮೊಬೈಲ್ ತೆಗೆದು ಕಾವಲಿನವನಿಗೆ ನಿಮ್ಮ ಫೋಟೋ ತೋರಿಸುತ್ತಾಳೆ, ಅದೂ ಅವತ್ತು ಬೆಳಿಗ್ಗೆಯೇ ತೆಗೆದದ್ದು. ನೀವು ಹೇಗಿದ್ದೀರಿ ಎಂದು ಯಾರಿಗೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ನಿಮ್ಮಲ್ಲಿ ಚಿಕ್ಕವಳಿಗೆ ನನ್ನ ಹಳೆಯ ಕೂದಲೇ ಬಂದಿದೆ. ಅವಳು ಅದಕ್ಕೆ 'ಕರ್ಲಿ' ಎನ್ನುತ್ತಾಳೆ, ಸ್ಕೂಲ್ ಡೇ ಬಂದರೆ ಬಿಸಿ ಇಕ್ಕಳದಂಥ ಯಂತ್ರದಲ್ಲಿ ಒತ್ತಿಸಿಕೊಂಡು ನೇರ ಮಾಡಿಸಿಕೊಳ್ಳುತ್ತಾಳೆ. ತಲೆಗೆ ಸ್ನಾನ ಮಾಡಿದೊಡನೆ ಅದು ಮತ್ತೆ ಸುತ್ತಿಕೊಳ್ಳುತ್ತದೆ. ನೋಡಿ ನನಗೆ ಒಳಗೊಳಗೇ ಖುಷಿ.

ಹೋದ ವಾರ ಅಕ್ಕ ತಿಪಟೂರಿನಿಂದ ವಿಡಿಯೋ ಕಾಲ್ ಮಾಡಿದ್ದಳು. ಪರದೆಯ ಮೇಲೆ ಮುಖ ಮೂಡುವ ಮೊದಲೇ ದನಿ ಬಂತು. "ಗುಂಗುರಾ, ಊಟ ಆಯ್ತೇನೋ?" ಚಿಕ್ಕವಳು ನನ್ನ ತಲೆ ನೋಡಿದಳು, ತನ್ನ ಸುರುಳಿ ಮುಟ್ಟಿಕೊಂಡಳು, ಗೊಂದಲದಲ್ಲಿ ಕಣ್ಣು ಕಣ್ಣು ಬಿಟ್ಟಳು. ಫೋನಿಟ್ಟ ಮೇಲೆ ಈ ಕಥೆ ಹೇಳಿದೆ. ಅವಳು ನನ್ನ ಹಿಂದೆ ಕುರ್ಚಿ ಹತ್ತಿ ನಿಂತು, ಬೋಳುತಲೆಯ ಮೇಲೆ ಬೆರಳಾಡಿಸಿ ತುಂಬಾ ಹೊತ್ತು ಹುಡುಕಿದಳು.

"ಎರಡು ಸುಳಿ ಎಲ್ಲಿದೆ ತಾತಾ? ಏನೂ ಕಾಣ್ತಾ ಇಲ್ಲ."

"ನಂಗೂ ಗೊತ್ತಿಲ್ಲ ಪುಟ್ಟಿ, ನಾನೆಲ್ಲಿ ನೋಡಿದ್ದೀನಿ" ಎಂದೆ. "ದಸರಾಕ್ಕೆ ತಿಪಟೂರಿನ ಅಜ್ಜಿ ಬರ್ತಾಳಲ್ಲ, ಆಗ ಕೇಳು. ಅವಳು ಕಣ್ಣು ಮುಚ್ಚಿಕೊಂಡು ತೋರಿಸ್ತಾಳೆ."